ಹಾಡಿಗೊಂದು ಮುಖ ಬೇಕು: ಮ್ಯೂಸಿಕ್ ವಿಡಿಯೊ ಬಗ್ಗೆ ಕರಾವಳಿಯ ಹಾಡುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಅದಕ್ಕೂ ಮೊದಲು ಆರೇಳು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ, ಹಾಗಾಗಿ ಹಾಡುವವರ ಪರಿಚಯ ಜಾಸ್ತಿ. ವಾರಕ್ಕೆ ಎರಡು ಮೂರು ಫೋನ್ ಬರುತ್ತದೆ, "ಅಣ್ಣ, ಒಂದು ಹಾಡು ಮಾಡಿದ್ದೇನೆ, ವಿಡಿಯೊ ಮಾಡಬೇಕಿತ್ತು" ಅಂತ. ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಫೋನಿನಲ್ಲಿ ಅರ್ಧ ಗಂಟೆ ಹೇಳುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕಾರ್ಕಳದವರಾಗಲಿ, ಉಳ್ಳಾಲದವರಾಗಲಿ, ಕುಂದಾಪುರದವರಾಗಲಿ, ಹಾಡು ನಿಮ್ಮ ಸ್ವಂತದ್ದಾದರೆ ಇದು ನಿಮಗೇ ಬರೆದದ್ದು.

ಹಾಡು ಚೆನ್ನಾಗಿದ್ದರೆ ಜನ ತಾವಾಗಿ ಕೇಳುತ್ತಾರಲ್ವಾ? ವಿಡಿಯೊ ಯಾಕೆ ಬೇಕು?

ಕೇಳುತ್ತಾರೆ. ಆದರೆ ಹಾಡಿದ್ದು ಯಾರು ಅಂತ ಅವರಿಗೆ ಗೊತ್ತಾಗುವುದಿಲ್ಲ.

ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಬೆಳ್ಮಣ್ ಕಡೆ ಒಂದು ಮೆಹಂದಿ. ನಮ್ಮ ತಂಡದ ಹುಡುಗ ಹಾಡುತ್ತಿದ್ದ. ಅವನದೇ ಒಂದು ತುಳು ಹಾಡು ಆ ವರ್ಷ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ, ರಿಕ್ಷಾದಲ್ಲಿ, ಸಿಟಿ ಬಸ್ಸಿನಲ್ಲಿ ಎಲ್ಲ ಅದೇ. ಮದುಮಗಳ ಕಡೆಯವರು ಸ್ಟೇಜಿನ ಹತ್ತಿರ ಬಂದು ಅದೇ ಹಾಡು ಬೇಕು ಅಂದರು. ಹಾಡಿದ. ಅಂಗಳ ತುಂಬ ಜನ ಕುಣಿದರು. ಮುಗಿದ ಮೇಲೆ ಒಬ್ಬರು ಬಂದು ಅವನ ಬೆನ್ನು ತಟ್ಟಿ, "ಒರಿಜಿನಲ್ ತರಾನೇ ಹಾಡಿದ್ರಿ ಮಾರಾಯ್ರೆ" ಅಂದರು. ಅವನು ನಕ್ಕು ಸುಮ್ಮನಾದ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮನೆಗೆ ಬಂದು ಅವನ ಹಾಡನ್ನು ಯೂಟ್ಯೂಬ್‌ನಲ್ಲಿ ತೆಗೆದು ನೋಡಿದೆ. ಎಲ್ಲಿಂದಲೋ ತಂದ ಸೂರ್ಯಾಸ್ತದ ಒಂದು ಫೋಟೊ, ನಾಲ್ಕು ನಿಮಿಷವೂ ಅದೊಂದೇ. ಹೆಸರು ಡಿಸ್ಕ್ರಿಪ್ಷನ್‌ನ ಕೊನೆಯ ಸಾಲಿನಲ್ಲಿ, ಸ್ಟುಡಿಯೊದವರ ಹೆಸರಿನ ಕೆಳಗೆ. ಜನರದ್ದು ತಪ್ಪಿಲ್ಲ, ಅವರಿಗೆ ಮುಖ ತೋರಿಸಿದವರೇ ಇಲ್ಲ. ಸ್ವರ ಕಿವಿಯಲ್ಲಿ ಉಳಿಯುತ್ತದೆ, ಆದರೆ "ಇವರು ಇಂಥವರು, ಇವರ ಇನ್ನೊಂದು ಹಾಡು ಹುಡುಕೋಣ, ನಮ್ಮ ಊರ ಉತ್ಸವಕ್ಕೆ ಕರೆಯೋಣ" ಅಂತ ಯಾರಿಗಾದರೂ ಅನ್ನಿಸಬೇಕಾದರೆ ಒಬ್ಬ ಮನುಷ್ಯ ಕಣ್ಣಿಗೆ ಕಾಣಬೇಕು. ಮ್ಯೂಸಿಕ್ ವಿಡಿಯೊ ಮಾಡುವ ದೊಡ್ಡ ಕೆಲಸ ಅದು. ಉಳಿದದ್ದೆಲ್ಲ ಆಮೇಲೆ.

ಕ್ಯಾಸೆಟ್ ಕಾಲದಲ್ಲಿ ಇದ್ಯಾವುದೂ ಇರಲಿಲ್ಲವಲ್ಲ, ಆದರೂ ಹಾಡುಗಾರರು ಮನೆಮಾತಾಗಿದ್ದರು?

ಒಳ್ಳೆಯ ಪ್ರಶ್ನೆ. ಕ್ಯಾಸೆಟ್‌ಗೆ ಕವರ್ ಇತ್ತು ನೋಡಿ. ಅದರ ಮೇಲೆ ಹಾಡಿದವರ ಫೋಟೊ, ದೊಡ್ಡ ಅಕ್ಷರದಲ್ಲಿ ಹೆಸರು. ಅದನ್ನು ಕೈಯಲ್ಲಿ ಹಿಡಿದು ಓದುತ್ತಾ ಹಾಡು ಕೇಳುತ್ತಿದ್ದೆವು. ಅದರ ಜೊತೆಗೆ ಸ್ಟೇಜ್ ಇತ್ತು. ಕೊಂಕಣಿಯಲ್ಲಿ ವಿಲ್ಫಿ ರೆಬಿಂಬಸ್ ಅವರನ್ನು ಜನ 'ಕೊಂಕಣ್ ಕೋಗುಳ್' ಅಂತ ಕರೆದದ್ದು ಬರೀ ಕ್ಯಾಸೆಟ್ ಕೇಳಿ ಅಲ್ಲ, ವಿಲ್ಫಿ ನೈಟ್‌ಗೆ ಹೋಗಿ, ಎದುರು ಕೂತು, ನೋಡಿ. ಈಗ ಕವರೂ ಇಲ್ಲ. ಫೋನಿನಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಇನ್ನೊಂದು ಶುರು. ಆ ಕವರಿನ ಕೆಲಸವನ್ನು ಈಗ ವಿಡಿಯೊ ಮಾಡಬೇಕು.

ಹೊರಗಿನ ಕಥೆಯೂ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ ಎಂಟಿವಿ ಚಾನೆಲ್ ಶುರುವಾದದ್ದು 1981ರಲ್ಲಿ, ನಮ್ಮ ದೇಶಕ್ಕೇ ಅಂತ ಎಂಟಿವಿ ಇಂಡಿಯಾ ಶುರುವಾದದ್ದು 1996ರಲ್ಲಿ. ಆಗ ಟಿವಿಯಲ್ಲಿ ಬರಬೇಕಾದರೆ ದೊಡ್ಡ ಕಂಪನಿಯೇ ದುಡ್ಡು ಹಾಕಬೇಕಿತ್ತು, ಯಾಕೆಂದರೆ ಅವರಿಗೆ ವಿಡಿಯೊ ಅಂದರೆ ಕ್ಯಾಸೆಟ್, ಸಿಡಿ ಮಾರುವ ಜಾಹೀರಾತು. 2005ರಲ್ಲಿ ಯೂಟ್ಯೂಬ್ ಬಂತು. ಬಾಗಿಲು ಕಾಯುವವರು ಹೋದರು. ಸುರತ್ಕಲ್‌ನ ಹುಡುಗಿಗೂ ಮುಂಬೈಯ ಸ್ಟಾರ್‌ಗೂ ಈಗ ಜಾಗ ಒಂದೇ.

ಕೈಯಲ್ಲಿ ದುಡ್ಡಿಲ್ಲ. ಮೊಬೈಲಿನಲ್ಲೇ ಮಾಡಬಹುದಾ?

ಧಾರಾಳವಾಗಿ. ಎರಡು ಉದಾಹರಣೆ ಕೊಡುತ್ತೇನೆ. 2006ರಲ್ಲಿ ಅಮೆರಿಕದ ಓಕೆ ಗೋ ಅನ್ನುವ ತಂಡ ಎಂಟು ಟ್ರೆಡ್‌ಮಿಲ್ ಜೋಡಿಸಿ ಅದರ ಮೇಲೆ ಕುಣಿದರು. ಕ್ಯಾಮೆರಾ ಒಂದೇ ಕಡೆ ನಿಂತಿದೆ, ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಆ ವಿಡಿಯೊಕ್ಕೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮಲ್ಲಿ 2011ರ ನವೆಂಬರ್‌ನಲ್ಲಿ ಚೆನ್ನೈಯಿಂದ ಬಂದ 'ಕೊಲವೆರಿ' ಅನ್ನುವ ತಮಿಳು ಸಿನಿಮಾ ಹಾಡು ನೆನಪಿದೆಯಲ್ಲ? ಸ್ಟುಡಿಯೊದಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಾಡುವುದನ್ನೇ ತೋರಿಸಿದ್ದು. ಸೆಟ್ ಇಲ್ಲ, ಡ್ಯಾನ್ಸರ್‌ಗಳಿಲ್ಲ. ಸಿನಿಮಾ ತೆರೆಗೆ ಬಂದದ್ದು ಮರುವರ್ಷ ಮಾರ್ಚ್‌ನಲ್ಲಿ, ಅಷ್ಟು ಹೊತ್ತಿಗೆ ಹಾಡು ದೇಶವನ್ನೇ ಸುತ್ತಿ ಬಂದಿತ್ತು.

ಎರಡರಲ್ಲೂ ಇದ್ದದ್ದು ಒಂದು ಯೋಚನೆ, ಮತ್ತೆ ಹಾಡುವವರ ಮುಖ. ನಿಮ್ಮ ಹತ್ತಿರ ಇವೆರಡು ಇದ್ದರೆ ಫೋನ್ ಸಾಕು.

ಸರಿ, ಸ್ವಲ್ಪ ದುಡ್ಡು ಇದೆ. ಎಲ್ಲಿ ಹಾಕಲಿ?

ಮೊದಲು ಆಡಿಯೊ ಮೇಲೆ. ಮಿಕ್ಸಿಂಗ್, ಅಂದರೆ ಸ್ವರ ಮತ್ತು ವಾದ್ಯಗಳ ಸದ್ದು ಹೊಂದಿಸುವ ಕೆಲಸ, ಸರಿ ಮಾಡಿಸಿ. ಚಿತ್ರ ಸ್ವಲ್ಪ ಮಬ್ಬಾದರೂ ಜನ ನೋಡುತ್ತಾರೆ, ಸ್ವರ ಕೊರಕೊರ ಅಂದರೆ ಅರ್ಧ ನಿಮಿಷವೂ ಕೂರುವುದಿಲ್ಲ. ಆಮೇಲೆ ಬೆಳಕು, ಎಡಿಟಿಂಗ್. ಕ್ಯಾಮೆರಾ ಬಾಡಿಗೆ ಎಲ್ಲಕ್ಕಿಂತ ಕೊನೆಗೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿರುತ್ತಾರೆ. ದೊಡ್ಡ ಕ್ಯಾಮೆರಾ, ಡ್ರೋನ್, ಎರಡು ಕಾರು, ಎಲ್ಲದಕ್ಕೂ ದುಡ್ಡು ಕೊಟ್ಟು ಮುಗಿದಿರುತ್ತದೆ. ಹಾಡು ಮಾತ್ರ ಮನೆಯಲ್ಲಿ ಫ್ಯಾನ್ ಕೆಳಗೆ ರೆಕಾರ್ಡ್ ಮಾಡಿದ್ದು. ಆ ಫ್ಯಾನ್ ಸದ್ದು ತೆಗೆಯಲು ನಾನು ಎಷ್ಟೋ ರಾತ್ರಿ ಕೂತಿದ್ದೇನೆ, ಪೂರ್ತಿ ಹೋಗುವುದೇ ಇಲ್ಲ.

ನಾನು ನೋಡಲು ಹೀರೊ ತರ ಇಲ್ಲ. ಮಾಡೆಲ್‌ಗಳನ್ನು ಹಾಕಿ, ನಾನು ಹಿಂದೆ ಇರಲಾ?

ಬೇಡ. ದಯವಿಟ್ಟು ಬೇಡ. ಹಾಡು ನಿಮ್ಮದು, ದುಡ್ಡು ನಿಮ್ಮದು, ಕೊನೆಗೆ ಜನ ನೆನಪಿಟ್ಟುಕೊಳ್ಳುವುದು ಆ ಹುಡುಗ ಹುಡುಗಿಯನ್ನು. ಕಥೆಗೆ ಅವರು ಬೇಕಾದರೆ ಇರಲಿ, ಆದರೆ ನೀವು ಹಾಡುವುದು ಕಾಣಲೇಬೇಕು, ಅದೂ ಮೊದಲ ಅರ್ಧ ನಿಮಿಷದ ಒಳಗೆ. ಕ್ಯಾಮೆರಾ ಎದುರು ನಾಚಿಕೆಯಾದರೆ ಏನಾದರೂ ಕೆಲಸ ಮಾಡುತ್ತಾ ಹಾಡಿ. ಒಬ್ಬ ಅಕ್ಕ ಕ್ಯಾಮೆರಾ ನೋಡಿದ ಕೂಡಲೇ ಮರಗಟ್ಟಿ ನಿಲ್ಲುತ್ತಿದ್ದರು. ಅವರ ಮನೆ ಚಾವಡಿಯಲ್ಲಿ ಮಲ್ಲಿಗೆ ಕಟ್ಟಲು ಕೂರಿಸಿದೆವು. ಶಂಕರಪುರದವರು ಅವರು, ಕೈಗೆ ಅದೇ ಅಭ್ಯಾಸ. ಬೆರಳು ಹೂವಿನ ಮೇಲೆ ಓಡತೊಡಗಿತು, ಸ್ವರ ತಾನಾಗಿ ಬಂತು. ಎರಡನೇ ಟೇಕ್‌ಗೆ ಮುಗಿಯಿತು. ಆ ವಿಡಿಯೊದಲ್ಲಿ ಅವರಷ್ಟು ಚಂದ ಬೇರೆ ಯಾರೂ ಕಾಣುತ್ತಿರಲಿಲ್ಲ.

ಎಲ್ಲಿ ಶೂಟ್ ಮಾಡುವುದು ಒಳ್ಳೆಯದು? ಪರ್ಮಿಷನ್ ಬೇಕಾ?

ಎಲ್ಲರ ಬಾಯಲ್ಲೂ ಮೊದಲು ಬರುವುದು ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕಾಪು ದೀಪಸ್ತಂಭ. ಚಂದದ ಜಾಗಗಳೇ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಬಂಡೆಯ ಮೇಲೆ ನಿಂತ ರೀತಿಗೆ ಯಾವ ಕ್ಯಾಮೆರಾದಲ್ಲಿ ತೆಗೆದರೂ ಚಿತ್ರ ಬರುತ್ತದೆ. ಆದರೆ ಆ ಚಿತ್ರ ಜನ ಎಷ್ಟು ಸಲ ನೋಡಿದ್ದಾರೆ ಯೋಚಿಸಿ. ನಿಮ್ಮ ಹಾಡು ಯಾವ ಜಾಗದ್ದು ಅಂತ ಕೇಳಿಕೊಳ್ಳಿ. ಬೆಳಗಿನ ಜಾವದ ಮೀನುಗಾರಿಕೆ ಧಕ್ಕೆ, ಬೋಟಿನಿಂದ ಮೀನು ಇಳಿಸುವ ಹೊತ್ತು. ಹಳೆಯ ಹಂಚಿನ ಕಾರ್ಖಾನೆಯ ಚಿಮಣಿ. ಅಡಿಕೆ ಒಣಹಾಕಿದ ಅಂಗಳ. ಕೊಯ್ಲು ಮುಗಿದ ಬಾಕಿಮಾರು ಗದ್ದೆ. ನೇತ್ರಾವತಿ ದಡದ ದೋಣಿ. ಇವುಗಳನ್ನು ಬೆಂಗಳೂರಿನವರಿಗೆ ಮಾಡಲಿಕ್ಕಾಗುವುದಿಲ್ಲ, ನಮಗೆ ಮನೆ ಬಾಗಿಲಲ್ಲೇ ಇದೆ.

ನಮಗೆ ಕಡಲು ಪಶ್ಚಿಮಕ್ಕೆ. ಸೂರ್ಯ ನೀರಿಗೆ ಇಳಿಯುವ ಮೊದಲಿನ ಒಂದು ಗಂಟೆ ಬಂಗಾರ. ಅಷ್ಟೇ ಹೊತ್ತು ಸಿಗುವುದು, ಆಗ ಮೇಕಪ್ ಅಂತ ಕೂತರೆ ಹೋಯಿತು. ಮಧ್ಯಾಹ್ನ ಮೂರಕ್ಕೇ ಎಲ್ಲ ತಯಾರಿರಲಿ. ಮರಳಿನ ಗಾಳಿಯಲ್ಲಿ ಲೆನ್ಸ್ ಬದಲಿಸಬೇಡಿ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಬೀರುವಿನಲ್ಲಿ ಮುಚ್ಚಿಟ್ಟರೆ ಲೆನ್ಸ್ ಒಳಗೆ ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಲ್ಪೆಯಲ್ಲಿ ಬೋಟುಗಳೆಲ್ಲ ಒತ್ತಿಕೊಂಡು ನಿಂತಿರುತ್ತವೆ, ಬಣ್ಣದ ಕಾಡಿನ ಹಾಗೆ. ಮಳೆ ಬಿಟ್ಟ ಅರ್ಧ ಗಂಟೆ ಸಿಕ್ಕಿದರೆ ಅಂಥ ಚಿತ್ರ ವರ್ಷದಲ್ಲಿ ಬೇರೆ ಯಾವಾಗಲೂ ಸಿಗುವುದಿಲ್ಲ. ಸೇಂಟ್ ಮೇರೀಸ್‌ಗೆ ಮಾತ್ರ ಆ ಸಮಯದಲ್ಲಿ ಬೋಟ್ ಬಿಡುವುದಿಲ್ಲ.

ಪರ್ಮಿಷನ್ ವಿಷಯ. ದೇವಸ್ಥಾನ, ಚರ್ಚ್, ಮಸೀದಿ, ಬಸದಿ ಎಲ್ಲ ಕಡೆ ಆಡಳಿತದವರನ್ನು ಕೇಳಿ, ಬರೆದು ತೆಗೆದುಕೊಳ್ಳಿ. ಕಾರ್ಕಳದ ಗೊಮ್ಮಟನಂಥ ಜಾಗ ಪುರಾತತ್ವ ಇಲಾಖೆಯದ್ದು, ಅಲ್ಲಿ ಶೂಟಿಂಗ್‌ಗೆ ಇಲಾಖೆಯ ಅನುಮತಿಯೇ ಬೇಕು. ಕಾಡಿನ ಒಳಗೆ ಅರಣ್ಯ ಇಲಾಖೆ. ಡ್ರೋನ್ ಹಾರಿಸುವ ಮೊದಲು ಸರಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ವಿಮಾನ ನಿಲ್ದಾಣದ ಸುತ್ತ 12 ಕಿಲೋಮೀಟರ್‌ವರೆಗೆ ಒಂದಲ್ಲ ಒಂದು ನಿರ್ಬಂಧ ಇದೆ, ಪಣಂಬೂರಿನಲ್ಲಿ ಹಡಗು ಬಂದರು ಕೂಡ ಇದೆ, ಅದನ್ನೂ ನೋಡಿಕೊಳ್ಳಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಆದರೆ ನಕ್ಷೆಯ ಕೆಂಪು ವಲಯದ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಜಾಗದ, ನಿಯಮ ಅದಕ್ಕೂ ಇದೆ. ಬಾಡಿಗೆಗೆ ತರುವ ಡ್ರೋನ್‌ಗಳು ಹೆಚ್ಚಾಗಿ ಅದಕ್ಕಿಂತ ಭಾರ, ಹಾಗಾಗಿ ಹಾರಿಸುವವರ ಹತ್ತಿರ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ.

ವಿಡಿಯೊದಲ್ಲಿ ಭೂತಕೋಲದ ಸೀನ್ ಹಾಕಿದರೆ ವೈರಲ್ ಆಗುತ್ತದೆ ಅಂತಾರೆ. ಹಾಕಲಾ?

ಇಲ್ಲ. ಈ ಒಂದು ವಿಷಯದಲ್ಲಿ ನಾನು ಕೆಲಸ ಬಿಟ್ಟುಕೊಟ್ಟದ್ದೂ ಉಂಟು. ಅದು ನಮ್ಮ ಮನೆಯ ನಂಬಿಕೆ. ವೇಷ ಬಾಡಿಗೆಗೆ ತಂದು, ಮುಖಕ್ಕೆ ಬಣ್ಣ ಬಳಿದು ಬೀಚಿನಲ್ಲಿ ಕುಣಿಸುವ ವಸ್ತು ಅಲ್ಲ. ಅದನ್ನು ಕಟ್ಟುವವರಿಗೆ ಅದು ತಲೆತಲಾಂತರದ ಸೇವೆ. ನೋಯಿಸಿ ಸಿಗುವ ಹೆಸರು ಬೇಡ. ಹುಲಿವೇಷದ ತಾಸೆ ಬೇಕಾ, ಯಕ್ಷಗಾನದ ಚೆಂಡೆ ಬೇಕಾ, ಅದನ್ನೇ ಮಾಡುವ ಕಲಾವಿದರನ್ನು ಕರೆಸಿ, ಸಂಭಾವನೆ ಕೊಡಿ, ಹೆಸರು ಹಾಕಿ.

ತುಳು, ಕೊಂಕಣಿ, ಬ್ಯಾರಿ ಭಾಷೆಯಲ್ಲಿ ಹಾಡಿದರೆ ನೋಡುವವರು ಕಡಿಮೆ ಅಲ್ವಾ?

ಕಡಿಮೆ ಇರಬಹುದು, ಆದರೆ ಗಟ್ಟಿ ಜನ. ಮುಂಬೈ, ದುಬೈ, ದೋಹಾ, ಕುವೈತ್, ಬಹರೈನ್, ಮಸ್ಕತ್‌ನಲ್ಲಿ ಇರುವ ನಮ್ಮವರಿಗೆ ಊರಿನ ಭಾಷೆಯ ಹಾಡು ಅಂದರೆ ಊರಿಗೇ ಬಂದುಹೋದ ಹಾಗೆ. ಹಿಂದೆ ಮನೆಯ ಗದ್ದೆಯೋ ಕಡಲೋ ಕಂಡರೆ ಅವರು ಒಂದು ಸಲ ನೋಡಿ ಬಿಡುವುದಿಲ್ಲ, ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ, ಅಲ್ಲಿನ ಸಂಘದವರಿಗೆ ಕಳಿಸುತ್ತಾರೆ. ಅಲ್ಲಿಂದಲೇ ಕಾರ್ಯಕ್ರಮಕ್ಕೆ ಕರೆ ಬರುವುದು. ನಮ್ಮ ಊರ ವಿಡಿಯೊಗಳ ಅನಾಲಿಟಿಕ್ಸ್, ಅಂದರೆ ಯಾರು ಎಲ್ಲಿಂದ ನೋಡಿದರು ಅನ್ನುವ ಯೂಟ್ಯೂಬ್ ಲೆಕ್ಕ, ತೆಗೆದಾಗ ಗಲ್ಫ್ ದೇಶಗಳು ಮೇಲೆ ಕಾಣುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಅವರ ಗಡಿಯಾರ ನೋಡಿ ಬಿಡುಗಡೆ ಮಾಡಿ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ಶುಕ್ರವಾರ ಶನಿವಾರ ರಜೆ. ಯುಎಇಯಲ್ಲಿ ಮಾತ್ರ 2022ರಿಂದ ಸರಕಾರಿ ರಜೆ ಶನಿವಾರ ಭಾನುವಾರಕ್ಕೆ ಬದಲಾಗಿದೆ, ಶುಕ್ರವಾರ ಅರ್ಧ ದಿನ. ಶುಕ್ರವಾರ ಸಂಜೆ ನಮ್ಮ ಏಳೂವರೆಗೆ ಹಾಕಿದರೆ ದುಬೈಯಲ್ಲಿ ಆರು, ದೋಹಾದಲ್ಲಿ ಐದು. ಎಲ್ಲರೂ ಬಿಡುವಾಗಿರುವ ಹೊತ್ತು.

ಸಬ್‌ಟೈಟಲ್ ಹಾಕಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎರಡೂ. ತುಳು ಗೊತ್ತಿಲ್ಲದ ಶಿವಮೊಗ್ಗದವರೂ ಅರ್ಥ ಗೊತ್ತಾದರೆ ಕೊನೆಯವರೆಗೆ ನೋಡುತ್ತಾರೆ. ಹಾಡಿನ ಹೆಸರನ್ನೂ ನಿಮ್ಮ ಹೆಸರನ್ನೂ ಎರಡೂ ಲಿಪಿಯಲ್ಲಿ ಬರೆಯಿರಿ. ಗಲ್ಫಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ.

ತುಟಿ ಒಂದು ಕಡೆ, ಹಾಡು ಒಂದು ಕಡೆ ಹೋಗುತ್ತದೆ. ಏನು ಮಾಡುವುದು?

ಶೂಟಿಂಗ್ ಜಾಗದಲ್ಲಿ ದೊಡ್ಡ ಸ್ಪೀಕರ್‌ನಲ್ಲಿ ಹಾಡು ಹಾಕಿ, ಕ್ಯಾಮೆರಾದ ಮೈಕ್ ಆನ್ ಇರಲಿ, ಆ ಸದ್ದು ನೋಡಿ ಎಡಿಟಿಂಗ್‌ನಲ್ಲಿ ಹೊಂದಿಸಬಹುದು. ಮತ್ತೆ, ನಿಜವಾಗಿ ಗಂಟಲು ಬಿಟ್ಟು ಹಾಡಿ. ಸುಮ್ನೆ ತುಟಿ ಆಡಿಸಿದರೆ ಕತ್ತಿನ ನರ ಅಲುಗುವುದಿಲ್ಲ, ನೋಡುವವರಿಗೆ ಅದು ಗೊತ್ತಾಗುತ್ತದೆ. ಸ್ಲೋ ಮೋಷನ್‌ನಲ್ಲೂ ತುಟಿ ಹೊಂದಬೇಕಾದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅದರ ಜೊತೆ ಹಾಡಿ, ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ 30ಕ್ಕೆ ಇಳಿಸಿ. ಕೂದಲು, ಸೆರಗು, ಅಲೆ ಎಲ್ಲ ನಿಧಾನ, ತುಟಿ ಮಾತ್ರ ಹಾಡಿನ ಜೊತೆಗೇ.

ದೊಡ್ಡ ಚಾನೆಲ್‌ನವರು ಫ್ರೀಯಾಗಿ ಹಾಕಿ ಕೊಡುತ್ತೇವೆ ಅಂತಾರೆ. ಅಲ್ಲಿ ಹಾಕಲಾ, ನನ್ನದೇ ಚಾನೆಲ್ ಮಾಡಲಾ?

ನಿಮ್ಮದೇ ಮಾಡಿ. ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಈಗಲೂ ಬೇಸರವಾಗುತ್ತದೆ. ನನ್ನ ಪರಿಚಯದ ಒಬ್ಬ ಕೊಂಕಣಿ ಹಾಡುಗಾರ್ತಿ ತನ್ನ ಮೊದಲ ವಿಡಿಯೊವನ್ನು ಸಾವಿರಾರು ಸಬ್‌ಸ್ಕ್ರೈಬರ್‌ಗಳಿದ್ದ ಒಂದು ಚಾನೆಲ್‌ಗೆ ಕೊಟ್ಟರು. ಚೆನ್ನಾಗಿಯೇ ಓಡಿತು. ಒಂದು ವರ್ಷದ ನಂತರ ನೋಡಿದರೆ ಚಾನೆಲ್ಲೇ ಇಲ್ಲ. ಅವರು ಬೇರೆಯವರ ಸಿನಿಮಾ ತುಣುಕುಗಳನ್ನು ಹಾಕುತ್ತಿದ್ದರಂತೆ. 90 ದಿನದ ಒಳಗೆ ಮೂರು ಕಾಪಿರೈಟ್ ಸ್ಟ್ರೈಕ್, ಅಂದರೆ ಹಕ್ಕುದಾರರ ದೂರಿನ ಮೇಲೆ ಬರುವ ಎಚ್ಚರಿಕೆ, ಬಿದ್ದರೆ ಯೂಟ್ಯೂಬ್ ಇಡೀ ಚಾನೆಲ್ ತೆಗೆದುಹಾಕಬಹುದು. ಅದರ ಜೊತೆ ಇವರ ವಿಡಿಯೊ, ಆ ವ್ಯೂಸ್, ಕೆಳಗೆ ಬರೆದ ನೂರಾರು ಕಾಮೆಂಟ್, ಎಲ್ಲ ಹೋಯಿತು. ಒರಿಜಿನಲ್ ಫೈಲ್ ಕೂಡ ಇವರ ಹತ್ತಿರ ಇರಲಿಲ್ಲ, ಶೂಟ್ ಮಾಡಿದವರ ಹಾರ್ಡ್ ಡಿಸ್ಕ್ ಹಾಳಾಗಿತ್ತು. ತಂದೆ ತೀರಿಹೋಗುವ ಮೊದಲು ಗಿಟಾರ್ ಹಿಡಿದು ಕೂತ ಒಂದು ಶಾಟ್ ಅದರಲ್ಲಿತ್ತು.

ಹಾಗಾಗಿ ಚಾನೆಲ್ ನಿಮ್ಮ ಇಮೇಲ್‌ನಲ್ಲೇ ಇರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ಫೈಲ್ ಎರಡು ಕಡೆ ಇರಲಿ. ದೊಡ್ಡ ಚಾನೆಲ್‌ನವರ ಸಹಾಯ ಬೇಕಾದರೆ ಒಂದು ತುಣುಕು ಕೊಡಿ, ಪೂರ್ತಿ ಹಾಡಿಗೆ ನಿಮ್ಮ ಲಿಂಕ್ ಹಾಕಲು ಹೇಳಿ. ಒಳ್ಳೆಯವರು ಒಪ್ಪುತ್ತಾರೆ. ಕೊಡಲೇಬೇಕು ಅಂತಾದರೆ ಎಷ್ಟು ವರ್ಷಕ್ಕೆ, ಹಕ್ಕು ಯಾರದು, ಬಂದ ದುಡ್ಡಲ್ಲಿ ಪಾಲು ಎಷ್ಟು ಅಂತ ಕಾಗದದಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ. ಪರಿಚಯದವರಾದರೂ ಬರೆಸಿ.

ಬೇರೆಯವರ ಹಳೆಯ ಹಾಡನ್ನು ಕವರ್ ಮಾಡಿ, ಅಂದರೆ ನನ್ನ ಸ್ವರದಲ್ಲಿ ಮತ್ತೆ ಹಾಡಿ, ಹೆಸರು ಮಾಡಬಹುದಾ? ಕಾಪಿರೈಟ್ ತೊಂದರೆ ಬರುತ್ತದಾ?

ಸಿನಿಮಾ ಹಾಡಿನ ಕವರ್ ಹಾಕಿದರೆ ಯೂಟ್ಯೂಬ್‌ನ ಕಂಟೆಂಟ್ ಐಡಿ, ಅಂದರೆ ಹಾಡು ಯಾರದ್ದು ಅಂತ ತಾನಾಗಿ ಪತ್ತೆಹಚ್ಚುವ ವ್ಯವಸ್ಥೆ, ಅದನ್ನು ಗುರುತಿಸಬಹುದು. ಹಕ್ಕುದಾರರು ಬಯಸಿದರೆ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ಇಲ್ಲವೇ ವಿಡಿಯೊ ನಿಂತುಹೋಗುತ್ತದೆ. ಸ್ವರ ಪರಿಚಯಕ್ಕೆ ಒಂದೆರಡು ಕವರ್ ಸರಿ. ಅದರ ಮೇಲೆ ಮನೆ ಕಟ್ಟಬೇಡಿ.

ಕವಿತೆಗಳನ್ನು ಹಾಡುವವರಿಗೆ ಒಂದು ಲೆಕ್ಕ. ನಮ್ಮ ದೇಶದಲ್ಲಿ ಬರೆದವರು ತೀರಿಹೋಗಿ 60 ವರ್ಷ ಆಗುವವರೆಗೆ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈ ತೀರಿಹೋದದ್ದು 1963ರಲ್ಲಿ, ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರಿಂದ ಎಲ್ಲರದ್ದು. ಮೊಗೇರಿಯ ಗೋಪಾಲಕೃಷ್ಣ ಅಡಿಗರು ಹೋದದ್ದು 1992ರಲ್ಲಿ, ಅವರ ಕವಿತೆಗೆ 2052ರ ಕೊನೆಯವರೆಗೂ ಕುಟುಂಬದವರನ್ನೋ ಹಕ್ಕು ಇರುವವರನ್ನೋ ಕೇಳಲೇಬೇಕು. ಪುರಂದರದಾಸರು, ಕನಕದಾಸರ ಪದಗಳ ಸಾಹಿತ್ಯಕ್ಕೆ ತೊಂದರೆ ಇಲ್ಲ, ಆದರೆ ಈಗಿನ ಯಾರೋ ಹಾಕಿದ ರಾಗಸಂಯೋಜನೆ ಅವರದ್ದು. ನಿಮ್ಮದೇ ಧಾಟಿ ಹಾಕಿ.

ಪಾಡ್ದನ, ನಾಟಿಯ ಹೊತ್ತಿನ ಕಬಿತದಂಥ ತುಳು ಜನಪದ ಹಾಡುಗಳಿಗೆ ಒಬ್ಬರು ಮಾಲೀಕರಿಲ್ಲ. ಆದರೆ ನಿಮಗೆ ಕಲಿಸಿದ ಒಬ್ಬ ಅಜ್ಜಿ ಇದ್ದಾರಲ್ಲ? ಅವರ ಹೆಸರು ಮೊದಲು ಬರಲಿ, ಆಗುವುದಾದರೆ ಅವರ ಮುಖವೂ ವಿಡಿಯೊದಲ್ಲಿ ಬರಲಿ. ಕಾನೂನು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ.

ಇನ್ನೊಂದು ಗುಂಡಿ ಇದೆ. ಇಂಟರ್‌ನೆಟ್‌ನಲ್ಲಿ ಅಗ್ಗಕ್ಕೆ ಸಿಗುವ ಬೀಟ್, ಅಂದರೆ ಸಿದ್ಧ ಹಿನ್ನೆಲೆ ಸಂಗೀತ. ಅದೇ ಬೀಟನ್ನು ಇನ್ನೂ ನೂರು ಜನಕ್ಕೆ ಮಾರಿರುತ್ತಾರೆ, ಅವರಲ್ಲಿ ಒಬ್ಬರು ಅದನ್ನು ಕಂಟೆಂಟ್ ಐಡಿಗೆ ಹಾಕಿದರೆ ನಿಮ್ಮ ಹಾಡಿನ ಮೇಲೆ ಕ್ಲೈಮ್ ಬರುತ್ತದೆ. ನಮ್ಮ ಊರಲ್ಲೇ ಚಂದ ನುಡಿಸುವವರಿದ್ದಾರೆ, ಅವರಿಂದ ಮಾಡಿಸಿ.

ನೀವೇ ಬರೆದು, ನೀವೇ ರಾಗ ಹಾಕಿದ್ದರೆ ಐಪಿಆರ್‌ಎಸ್ ಸದಸ್ಯರಾಗಿ. 1969ರಲ್ಲಿ ಶುರುವಾದ ಸಂಸ್ಥೆ ಅದು, ಸಾಹಿತ್ಯ ಬರೆದವರಿಗೆ, ಸಂಗೀತ ಕೊಟ್ಟವರಿಗೆ ಬರಬೇಕಾದ ರಾಯಲ್ಟಿ ಸಂಗ್ರಹಿಸಿ ಕೊಡುತ್ತದೆ. 2012ರ ಕಾನೂನು ತಿದ್ದುಪಡಿ ಆದಮೇಲೆ ಈ ರಾಯಲ್ಟಿಯಲ್ಲಿ ನಿಮ್ಮ ಪಾಲು ಗಟ್ಟಿಯಾಗಿದೆ.

ರೀಲ್ಸ್ ಇರುವಾಗ ನಾಲ್ಕು ನಿಮಿಷದ ವಿಡಿಯೊ ಯಾರು ನೋಡುತ್ತಾರೆ?

ರೀಲ್ಸ್ ಕರೆಯುವ ಕೈ, ವಿಡಿಯೊ ಮನೆ. ಎರಡೂ ಬೇಕು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಂತಿತು. ಜುಲೈಯಲ್ಲಿ ಇಲ್ಲಿ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತದಲ್ಲೇ ಮೊದಲು ಶುರುವಾಯಿತು. ಅಲ್ಲಿಂದ ಜನ ಹಾಡನ್ನು ಮೊದಲು ಕೇಳುವುದೇ ತುಣುಕಿನಲ್ಲಿ.

ಶೂಟಿಂಗ್ ದಿನವೇ ಅಡ್ಡ ಫ್ರೇಮ್ ಮುಗಿದ ಮೇಲೆ ಫೋನ್ ಉದ್ದಕ್ಕೆ ಹಿಡಿದು ಪಲ್ಲವಿಯನ್ನು ಇನ್ನೊಂದು ಸಲ ತೆಗೆದಿಟ್ಟುಕೊಳ್ಳಿ. ಅಡ್ಡ ವಿಡಿಯೊವನ್ನು ಆಮೇಲೆ ಕತ್ತರಿಸಿದರೆ ಅರ್ಧ ಮುಖ ಉಳಿಯುತ್ತದೆ. ತಯಾರಿಯ ತುಣುಕುಗಳೂ ಕೆಲಸಕ್ಕೆ ಬರುತ್ತವೆ. ಅಮ್ಮ ಸೀರೆ ನೆರಿಗೆ ಸರಿ ಮಾಡುತ್ತಿರುವುದು, ಮಳೆ ಬಂದು ಎಲ್ಲರೂ ಟೆಂಪೊ ಒಳಗೆ ಓಡಿದ್ದು. ಪ್ರತಿ ತುಣುಕಿನಲ್ಲೂ ನಿಮ್ಮ ಹೆಸರು ಅಕ್ಷರದಲ್ಲಿ ಕಾಣಲಿ. ತುಣುಕು ಡೌನ್‌ಲೋಡ್ ಆಗಿ ವಾಟ್ಸ್ಆ್ಯಪ್‌ನಲ್ಲಿ ತಿರುಗಲು ಶುರುವಾದ ಮೇಲೆ ನಿಮ್ಮ ಚಾನೆಲ್ ಹೆಸರು ಜೊತೆಗೆ ಹೋಗುವುದಿಲ್ಲ, ಚಿತ್ರದ ಒಳಗೆ ಬರೆದದ್ದು ಮಾತ್ರ ಹೋಗುತ್ತದೆ.

ದೊಡ್ಡ ವಿಡಿಯೊದಲ್ಲಿ ಶುರುವಿಗೆ ಲೋಗೊ, ಕೃತಜ್ಞತೆ, ಹತ್ತು ಪ್ರಾಯೋಜಕರ ಹೆಸರು ಬೇಡ. ನೇರ ಹಾಡಿಗೆ ಬನ್ನಿ. ಕೃತಜ್ಞತೆ ಕೊನೆಗೆ. ಅಲ್ಲೇ ಕೊನೆಯ 20 ಸೆಕೆಂಡಿನಲ್ಲಿ ಎಂಡ್ ಸ್ಕ್ರೀನ್ ಇಟ್ಟು ನಿಮ್ಮ ಇನ್ನೊಂದು ಹಾಡು ತೋರಿಸಿ.

ದುಡ್ಡು ಕೊಟ್ಟರೆ ಲಕ್ಷ ವ್ಯೂಸ್ ಮಾಡಿಕೊಡುತ್ತೇವೆ ಅಂತ ಮೆಸೇಜ್ ಬಂದಿದೆ.

ಬ್ಲಾಕ್ ಮಾಡಿ. ಆ ವ್ಯೂಸ್ ನೋಡಿ ಯಾರೂ ನಿಮ್ಮನ್ನು ಹಾಡಲು ಕರೆಯುವುದಿಲ್ಲ, ಯೂಟ್ಯೂಬ್ ಕಂಡುಹಿಡಿದರೆ ಎಣಿಕೆಯಿಂದ ತೆಗೆಯುತ್ತದೆ.

ಯೂಟ್ಯೂಬಿಂದ ದುಡ್ಡು ಬರುತ್ತದಾ?

ಜಾಹೀರಾತಿನ ಪಾಲು ಬೇಕಾದರೆ 1000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನೋಡಿದ ಸಮಯ 4000 ಗಂಟೆ, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ನಾಲ್ಕು ನಿಮಿಷದ ಹಾಡನ್ನು 60,000 ಸಲ ಪೂರ್ತಿ ನೋಡಿದರೆ 4000 ಗಂಟೆ. ಒಂದೇ ಹಾಡಿನಿಂದ ಅದು ಸುಲಭ ಅಲ್ಲ, ಆದಮೇಲೂ ಬರುವ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲ.

ನಮ್ಮ ಕಡೆ ದುಡ್ಡು ಬರುವ ದಾರಿ ಬೇರೆ. ಮೆಹಂದಿ, ಕೊಂಕಣಿ ಕ್ರೈಸ್ತರ ಮದುವೆಗೆ ಮೊದಲಿನ ರೋಸ್, ಊರಿನ ಉತ್ಸವ, ಕಾಲೇಜ್ ಡೇ, ಗಲ್ಫಿನ ಸಂಘದ ಕಾರ್ಯಕ್ರಮ. ಸಂಘಟಕರಿಗೆ ಫೋನ್ ಮಾಡಿದರೆ ಮೊದಲು ಹೇಳುವುದು "ಒಂದು ಲಿಂಕ್ ಕಳಿಸಿ ನೋಡುವ" ಅಂತ. ಆ ಲಿಂಕ್ ತೆಗೆದು ಅವರು ಒಂದು ನಿಮಿಷ ನೋಡುತ್ತಾರೆ, ಅಷ್ಟೇ. ಆ ಒಂದು ನಿಮಿಷದಲ್ಲಿ ನಿಮ್ಮ ಸ್ವರ ಎಂಥದು, ನೀವು ಹೇಗೆ ನಿಲ್ಲುತ್ತೀರಿ, ನಿಮ್ಮ ಜೊತೆ ಯಾರು ನುಡಿಸುತ್ತಾರೆ ಎಲ್ಲ ಗೊತ್ತಾಗಬೇಕು. ಸಂಪರ್ಕದ ನಂಬರ್ ಡಿಸ್ಕ್ರಿಪ್ಷನ್‌ನ ಮೊದಲ ಸಾಲಿನಲ್ಲೇ ಇರಲಿ. ಮನೆಯ ನಂಬರ್ ಬೇಡ, ಕಾರ್ಯಕ್ರಮಕ್ಕೇ ಅಂತ ಒಂದು ಬೇರೆ ಸಿಮ್ ಇಟ್ಟುಕೊಳ್ಳಿ, ಹುಡುಗಿಯರಿಗಂತೂ ಇದನ್ನು ನಾನು ಒತ್ತಿ ಹೇಳುತ್ತೇನೆ.

ಒಂದು ತಿಂಗಳಾಯಿತು, 800 ವ್ಯೂಸ್ ಅಷ್ಟೇ. ನಾನು ಸೋತೆನಾ?

ಮಂಗಳೂರು ಪುರಭವನದಲ್ಲಿ 800 ಜನ ನಿಮ್ಮನ್ನು ಕೇಳಲು ಬಂದರೆ ಏನನ್ನಿಸುತ್ತಿತ್ತು? ಬೇಸರ ಪಡುವ ಮೊದಲು ಅನಾಲಿಟಿಕ್ಸ್ ತೆಗೆಯಿರಿ. ಜನ ಎಲ್ಲಿ ಬಿಟ್ಟುಹೋದರು ಅಂತ ಗೆರೆ ತೋರಿಸುತ್ತದೆ. ಶುರುವಿನಲ್ಲೇ ಬಿದ್ದಿದ್ದರೆ ಆರಂಭ ಉದ್ದವಾಗಿದೆ. ಕೊನೆಯವರೆಗೂ ನೋಡಿದವರು ಜಾಸ್ತಿ ಇದ್ದರೆ ಹಾಡು ಗಟ್ಟಿ ಇದೆ, ತಲುಪಬೇಕಾದವರಿಗೆ ಇನ್ನೂ ತಲುಪಿಲ್ಲ ಅಷ್ಟೇ. ಥಂಬ್‌ನೇಲ್ ಬದಲಿಸಿ, ನಿಮ್ಮ ಮುಖ ಹತ್ತಿರದಿಂದ ಕಾಣುವ ಚಿತ್ರ ಹಾಕಿ. ಹಬ್ಬಕ್ಕೋ ಮದುವೆ ಸೀಸನ್‌ಗೋ ಹೊಂದುವ ಹಾಡಾದರೆ ಆ ಸಮಯಕ್ಕೆ ಹೊಸ ತುಣುಕಿನ ಜೊತೆ ಮತ್ತೆ ಹಂಚಿ. ಹಾಡು ಹಳಸುವ ವಸ್ತುವಲ್ಲ.

ಮೊದಲು ಹೇಳಿದೆನಲ್ಲ, ಬೆಳ್ಮಣ್‌ನ ಮೆಹಂದಿಯ ಹುಡುಗ. ಅವನ ಎರಡನೇ ಹಾಡಿಗೆ ನಾವೇ ವಿಡಿಯೊ ಮಾಡಿದೆವು. ಮನೆಯ ಹಟ್ಟಿ, ಅಂಗಳ, ಅವನು, ಅವನ ಅಣ್ಣನ ತಬಲಾ. ವ್ಯೂಸ್ ಮೊದಲ ಹಾಡಿನ ಅರ್ಧವೂ ಆಗಲಿಲ್ಲ. ಆದರೆ ಮುಂದಿನ ಸೀಸನ್‌ಗೆ ಜನ ಫೋನ್ ಮಾಡಿ ಕೇಳಿದ್ದು ತಂಡವನ್ನಲ್ಲ, ಅವನ ಹೆಸರನ್ನು.

ಹಾಗಾದರೆ ಯಾವಾಗ ಶುರು ಮಾಡಲಿ?

ನಮ್ಮ ಕಾರ್ಯಕ್ರಮಗಳ ಸೀಸನ್ ನವೆಂಬರ್‌ನಿಂದ ಮೇವರೆಗೆ. ಜನ ಕಲಾವಿದರನ್ನು ಹುಡುಕುವುದು ಅದಕ್ಕೂ ಸ್ವಲ್ಪ ಮೊದಲು. ಮಳೆಗಾಲದಲ್ಲಿ ಹಾಡು ರೆಕಾರ್ಡ್ ಮಾಡಿ ಮುಗಿಸಿ, ಸೆಪ್ಟೆಂಬರ್‌ನಲ್ಲಿ ಮಳೆ ಕಡಿಮೆಯಾಗಿ ಗದ್ದೆ ಇನ್ನೂ ಹಸಿರಿರುವಾಗ ಶೂಟಿಂಗ್, ದಸರಾ ಕಳೆದ ಮೇಲೆ ಬಿಡುಗಡೆ. ಈಗಲೇ ಕ್ಯಾಮೆರಾದವರಿಗೆ ಫೋನ್ ಮಾಡಬೇಡಿ. ಮೊದಲು ಹಾಡನ್ನು ಮಿಕ್ಸ್ ಮಾಡಿಸಿ, ರಿಕ್ಷಾದ ಸ್ಪೀಕರ್‌ನಲ್ಲಿ ಒಂದು ಸಲ ಹಾಕಿ ಕೇಳಿ. ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿದರೆ ಆಮೇಲೆ ಜಾಗ ಹುಡುಕಲು ಹೊರಡುವ.